ರೈಟರನ್ನು ಕಳಿಸಬೇಕೋ, ಸ್ವಂತ ರಸ್ತೆ ಹಾಕಿಸಬೇಕೋ: ಪ್ರಾಕ್ಸಿ ಮತ್ತು ವಿಪಿಎನ್

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನಮ್ಮದೊಂದು ಸಣ್ಣ ಕಾಫಿ ವ್ಯಾಪಾರದ ಆಫೀಸು, ಆಲ್ದೂರಿನ ಹತ್ತಿರ ಗೋಡೌನು, ಜೊತೆಗೆ ಮೂರು ಹೋಂಸ್ಟೇ ಇವೆ. ಲೆಕ್ಕವೆಲ್ಲ ಆಫೀಸಿನ ಒಂದು ಕಂಪ್ಯೂಟರಿನಲ್ಲಿ, ಟ್ಯಾಲಿಯಲ್ಲಿ. ಅದನ್ನು ಗೋಡೌನಿನಿಂದಲೂ ಹಾಸನದ ನಮ್ಮ ಆಡಿಟರ ಕಡೆಯಿಂದಲೂ ತೆರೆಯುವಂತಾಗಬೇಕು. ಸುತ್ತಲಿನ ಹೋಂಸ್ಟೇಗಳು ಬುಕಿಂಗ್ ಸೈಟುಗಳಲ್ಲಿ ಏನು ರೇಟು ಹಾಕಿದ್ದಾರೆ ಅಂತ ದಿನಾ ನೋಡುವುದೂ ಬೇಕು. ಬೆಂಗಳೂರಿನಿಂದ ಬಂದ ಒಬ್ಬರು "ರೆಸಿಡೆನ್ಷಿಯಲ್ ಪ್ರಾಕ್ಸಿ ನೆಟ್‌ವರ್ಕ್ ತಗೊಳ್ಳಿ, ಎರಡೂ ಕೆಲಸ ಆಗುತ್ತೆ, ಜಿಬಿ ಲೆಕ್ಕದಲ್ಲಿ ದುಡ್ಡು" ಅನ್ನುತ್ತಾರೆ. ಅಕ್ಕನ ಮಗ "ಅದೆಲ್ಲ ಯಾಕೆ ಮಾವ, ಫ್ರೀ ವಿಪಿಎನ್ ಹಾಕಿದ್ದೀನಿ, ಸಾಕು" ಅನ್ನುತ್ತಾನೆ. ಎರಡೂ ಒಂದೇನಾ? ನಮಗೆ ಯಾವುದು ಬೇಕು? ಕಾನೂನಿನ ತೊಂದರೆ ಏನಾದರೂ ಇದೆಯಾ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ನಿಮ್ಮ ಅಕ್ಕನ ಮಗ ಹಾಕಿರುವ ಆ ಫ್ರೀ ವಿಪಿಎನ್ ಆಫೀಸಿನ ಕಂಪ್ಯೂಟರಿನಲ್ಲಿದ್ದರೆ ಇವತ್ತೇ ತೆಗೆಸಿ. ಕಾರಣ ಕೆಳಗೆ ಬರುತ್ತದೆ, ಅಲ್ಲಿಯವರೆಗೆ ಓದುತ್ತಾ ಕೂರಬೇಡಿ.

ಎರಡೂ ಒಂದೇ ಅನ್ನಿಸುವುದರಲ್ಲಿ ತಪ್ಪಿಲ್ಲ. ಎರಡರಲ್ಲೂ ನಿಮ್ಮ ಕಂಪ್ಯೂಟರು ಆಚೆಯವರ ಹತ್ತಿರ ನೇರವಾಗಿ ಹೋಗದೆ ನಡುವೆ ಇನ್ನೊಂದು ಕಂಪ್ಯೂಟರಿನ ಮೂಲಕ ಹೋಗುತ್ತದೆ. ಆಚೆಯವರಿಗೆ ಕಾಣುವುದು ಆ ನಡುವಿನವನ ಐಪಿ ವಿಳಾಸ, ಅಂದರೆ ಇಂಟರ್ನೆಟ್ಟಿನಲ್ಲಿ ಅವನನ್ನು ಗುರುತಿಸುವ ನಂಬರು. ಮಾರುವವರು ಇಷ್ಟನ್ನೇ ಹಿಡಿದುಕೊಂಡು "ನಿಮ್ಮ ಗುರುತು ಸಿಗಲ್ಲ ಸಾರ್" ಅಂತ ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ. ಆದರೆ ಇವು ಹುಟ್ಟಿದ್ದೇ ಬೇರೆ ಬೇರೆ ಕೆಲಸಕ್ಕೆ.

ನಿಮ್ಮ ವ್ಯಾಪಾರದ ಮಾತಲ್ಲೇ ಹೇಳುತ್ತೇನೆ. ದೊಡ್ಡ ತೋಟದ ಸಾಹುಕಾರರು ತಾವೇ ಜೀಪು ಹತ್ತಿಕೊಂಡು ಹೋಗಿ ಚೆರಿ ರೇಟು ಕೇಳಿದರೆ, ನಿಮ್ಮಂಥ ವ್ಯಾಪಾರಿಗಳು (ಬೇಜಾರು ಮಾಡ್ಕೋಬೇಡಿ) ಮುಖ ನೋಡಿ ಒಂದು ರೇಟು ಹೇಳುತ್ತೀರಿ. ಅದು ಗೊತ್ತಿದ್ದೇ ಅವರು ತೋಟದ ಲೆಕ್ಕಪತ್ರ ನೋಡುವ ರೈಟರನ್ನು ಕಳಿಸುತ್ತಾರೆ. ರೈಟರು ಹೋಗಿ, ತನ್ನ ಬಾಯಲ್ಲಿ ಕೇಳಿ, ರೇಟು ತಂದು ಒಪ್ಪಿಸುತ್ತಾನೆ. ಅಂಗಡಿಯವನು ನೋಡಿದ್ದು ರೈಟರ ಮುಖವನ್ನು, ಸಾಹುಕಾರರನ್ನಲ್ಲ. ಪ್ರಾಕ್ಸಿ ಅಂದರೆ ಈ ರೈಟರು. ಹೇಳಿದ ಕೆಲಸಕ್ಕೆ ಹೇಳಿದ ಕಡೆ ಹೋಗಿ ಬರುತ್ತಾನೆ, ಅಷ್ಟೇ.

ವಿಪಿಎನ್ ಅಂದರೆ ಆಫೀಸಿನಿಂದ ಗೋಡೌನಿಗೆ ನೀವೇ ಹಾಕಿಸಿಕೊಂಡ ಖಾಸಗಿ ರಸ್ತೆ. ಎರಡೂ ತುದಿಗೆ ಗೇಟು, ಗೇಟಿಗೆ ಬೀಗ, ಬೀಗದ ಕೈ ನಿಮ್ಮ ಜೇಬಿನಲ್ಲಿ. ಆ ರಸ್ತೆಯ ಮೇಲೆ ಲಾರಿಯೂ ಹೋಗಬಹುದು, ಟ್ರ್ಯಾಕ್ಟರೂ ಹೋಗಬಹುದು, ರೈಟರ ಸೈಕಲ್ಲೂ ಹೋಗಬಹುದು. ಒಳಗೆ ಏನು ಸಾಗುತ್ತಿದೆ ಅಂತ ಹೊರಗಿನವರಿಗೆ ಕಾಣುವುದಿಲ್ಲ.

ಹಾಸನದ ನನ್ನ ಆಫೀಸಿಗೆ ಈ ಪ್ರಶ್ನೆ ಹಿಡಿದುಕೊಂಡು ಬಂದವರಿಗೆ ನಾನು ಭಾಷಣ ಬಿಗಿಯುವುದಿಲ್ಲ, ಲ್ಯಾಪ್‌ಟಾಪ್ ತಿರುಗಿಸಿ ತೋರಿಸುತ್ತೇನೆ. ಫೈರ್‌ಫಾಕ್ಸ್‌ನಲ್ಲಿ ಜರ್ಮನಿಯ ಒಂದು ಪ್ರಾಕ್ಸಿಯ ವಿಳಾಸ ಮತ್ತು ಪೋರ್ಟ್ ನಂಬರ್ (ಆ ಕಂಪ್ಯೂಟರಿನ ಯಾವ ಬಾಗಿಲು ಅನ್ನುವ ನಂಬರು) ಹಾಕಿ, ನನ್ನ ಐಪಿ ಯಾವುದು ಅಂತ ತೋರಿಸುವ ಪುಟ ತೆರೆಯುತ್ತೇನೆ. ಫ್ರಾಂಕ್‌ಫರ್ಟ್ ಅನ್ನುತ್ತದೆ. ಪಕ್ಕದಲ್ಲೇ ಕ್ರೋಮ್‌ನಲ್ಲಿ ಅದೇ ಪುಟ ತೆರೆದರೆ ನಮ್ಮ ಹಾಸನದ ಫೈಬರ್ ಲೈನಿನ ವಿಳಾಸ. ಒಂದೇ ಮೇಜು, ಒಂದೇ ಯಂತ್ರ, ಎರಡು ಊರು. ಕಮಾಂಡ್ ಟೈಪ್ ಮಾಡುವ ಕಪ್ಪು ಕಿಟಕಿಯಲ್ಲಿ ಪಿಂಗ್ (ಆಚೆಯ ಕಂಪ್ಯೂಟರು ಓಗೊಡುತ್ತದೆಯಾ ಅಂತ ನೋಡುವ ಆಜ್ಞೆ) ಕೊಟ್ಟರೆ ಅದಕ್ಕೆ ಪ್ರಾಕ್ಸಿ ಇದೆ ಅನ್ನುವುದೇ ಗೊತ್ತಿಲ್ಲ, ನೇರ ಹೋಗುತ್ತದೆ. ಆಮೇಲೆ ಪ್ರಾಕ್ಸಿ ತೆಗೆದು, ಎಲ್ಲವೂ ಆ ಖಾಸಗಿ ರಸ್ತೆಯಲ್ಲೇ ಹೋಗುವಂತೆ ಹೊಂದಿಸಿದ ವಿಪಿಎನ್ ಹಚ್ಚುತ್ತೇನೆ. ಈಗ ಎರಡು ಬ್ರೌಸರು, ಪಿಂಗು, ಹಿಂದೆ ಸದ್ದಿಲ್ಲದೆ ಓಡುವ ವಿಂಡೋಸ್ ಅಪ್‌ಡೇಟು, ಎಲ್ಲವೂ ಒಂದೇ ವಿಳಾಸದಿಂದ ಹೊರಬೀಳುತ್ತವೆ.

ಪ್ರಾಕ್ಸಿಯನ್ನು ಒಂದೊಂದು ಪ್ರೋಗ್ರಾಮಿಗೆ ಹೇಳಿಕೊಡಬೇಕು. ವಿಪಿಎನ್ ಕಂಪ್ಯೂಟರಿಗೆ ಇನ್ನೊಂದು ನೆಟ್‌ವರ್ಕ್ ಕಾರ್ಡ್ ಸಿಕ್ಕಿತೇನೋ ಅನ್ನುವ ಹಾಗೆ ಬುಡದಲ್ಲೇ ಕೂರುತ್ತದೆ, ಮೇಲಿನ ಪ್ರೋಗ್ರಾಮುಗಳಿಗೆ ಅದರ ಸುಳಿವೂ ಇರುವುದಿಲ್ಲ. ಬೇಕಾದರೆ "ಆಫೀಸಿನ ಕಡೆಯ ಸಂಚಾರ ಮಾತ್ರ ಈ ದಾರಿಯಲ್ಲಿ, ಯೂಟ್ಯೂಬ್ ಎಲ್ಲ ಮಾಮೂಲಿ ದಾರಿಯಲ್ಲಿ" ಅಂತಲೂ ಹೊಂದಿಸಬಹುದು. ನಿಮಗೆ ನಾನು ಹೇಳುವುದೂ ಅದನ್ನೇ.

ಗುಟ್ಟಿನ ವಿಷಯದಲ್ಲೂ ವ್ಯತ್ಯಾಸ ಇದೆ. ವಿಪಿಎನ್‌ನಲ್ಲಿ ಈ ತುದಿಯಿಂದ ಆ ತುದಿಯವರೆಗೆ ಎಲ್ಲವೂ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಬೀಗದ ಕೈ ಇಲ್ಲದವರು ಓದಲಾಗದ ಗುಪ್ತಲಿಪಿಯಲ್ಲಿರುತ್ತದೆ. ಸಾಮಾನ್ಯ ಪ್ರಾಕ್ಸಿ ತಾನಾಗಿ ಏನನ್ನೂ ಮುಚ್ಚುವುದಿಲ್ಲ. ನೀವು ನೋಡುವ ಸೈಟು ಎಚ್‌ಟಿಟಿಪಿಎಸ್ (ತಾನೇ ಎನ್‌ಕ್ರಿಪ್ಟ್ ಮಾಡುವ ಬಗೆಯದು) ಆಗಿದ್ದರೆ ಒಳಗಿನ ವಿಷಯ ಪ್ರಾಕ್ಸಿಯವನಿಗೂ ಕಾಣದು, ಯಾವ ಸೈಟಿಗೆ ಹೋದಿರಿ ಅನ್ನುವುದು ಮಾತ್ರ ಕಾಣುತ್ತದೆ. ಆದರೆ ಪ್ರಾಕ್ಸಿ ಮಾರುವವನು "ಈ ಸರ್ಟಿಫಿಕೇಟ್ ಒಂದು ಇನ್‌ಸ್ಟಾಲ್ ಮಾಡ್ಕೊಳ್ಳಿ ಸಾರ್" ಅಂದರೆ ಅಲ್ಲಿಗೇ ಕೈ ಮುಗಿದುಬಿಡಿ. ಅದನ್ನು ಹಾಕಿಸಿಕೊಂಡರೆ ನಿಮ್ಮ ಬ್ಯಾಂಕಿನ ಪುಟವನ್ನೂ ಅವನು ನಡುವೆ ಬಿಚ್ಚಿ ಓದಬಹುದು.

ಪ್ರಾಕ್ಸಿ ಅನ್ನುವುದು ಹೊಸದೇನಲ್ಲ ಅಂತಲೂ ಹೇಳಿಬಿಡುತ್ತೇನೆ. ಸೈಬರ್ ಸೆಂಟರುಗಳ ಕಾಲದಲ್ಲಿ ಒಂದು ಡಯಲ್-ಅಪ್ ಲೈನನ್ನು ಎಂಟು ಹತ್ತು ಕಂಪ್ಯೂಟರಿಗೆ ಹಂಚುತ್ತಿದ್ದುದು ಪ್ರಾಕ್ಸಿ ಸಾಫ್ಟ್‌ವೇರಿನಿಂದಲೇ. ಒಬ್ಬ ತೆರೆದ ಪುಟವನ್ನು ಇಟ್ಟುಕೊಂಡು ಇನ್ನೊಬ್ಬನಿಗೆ ಅದನ್ನೇ ಕೊಡುತ್ತಿತ್ತು, ಲೈನ್ ಉಳಿಯುತ್ತಿತ್ತು. ಈ ಕೆಲಸಕ್ಕೆ ಹೆಸರಾದ ಸ್ಕ್ವಿಡ್ 1996ರದು. ಈಗಲೂ ಕಾಲೇಜುಗಳಲ್ಲಿ, ಕಾರ್ಖಾನೆಗಳಲ್ಲಿ ಯಾವ ಸೈಟು ಬಿಡಬೇಕು ಯಾವುದು ಬಿಡಬಾರದು ಅಂತ ಕಾಯಲು ಅದನ್ನು ಕೂರಿಸುತ್ತಾರೆ. ಸಾಕ್ಸ್5 ಅನ್ನುವ ಇನ್ನೊಂದು ಬಗೆಯ ಪ್ರಾಕ್ಸಿಯ ನಿಯಮಗಳು ಬಂದದ್ದೂ ಅದೇ 1996ರಲ್ಲಿ. ಅದು ವೆಬ್ ಪುಟವಷ್ಟೇ ಅಲ್ಲ, ಬೇರೆ ಸಂಚಾರವನ್ನೂ ಹೊರುತ್ತದೆ.

ಈಗ ನಿಮ್ಮ ಮೊದಲ ಕೆಲಸ, ಟ್ಯಾಲಿ. ಇದಕ್ಕೆ ಪ್ರಾಕ್ಸಿ ನೆಟ್‌ವರ್ಕ್ ಯಾವ ಲೆಕ್ಕದಲ್ಲೂ ಒಗ್ಗುವುದಿಲ್ಲ. ಪ್ರಾಕ್ಸಿ ನಿಮ್ಮನ್ನು ಹೊರಗಿನ ಲೋಕಕ್ಕೆ ಕರೆದೊಯ್ಯುತ್ತದೆ, ನಿಮ್ಮದೇ ಆಫೀಸಿನೊಳಕ್ಕಲ್ಲ. "ಎರಡೂ ಕೆಲಸ ಆಗುತ್ತೆ" ಅಂದವರು ಒಂದೋ ನಿಮ್ಮ ಪ್ರಶ್ನೆ ಪೂರ್ತಿ ಕೇಳಿಸಿಕೊಂಡಿಲ್ಲ, ಇಲ್ಲವೇ ಕಮಿಷನ್ ಲೆಕ್ಕ ಹಾಕುತ್ತಿದ್ದರು.

ಪ್ರಾಕ್ಸಿಯಲ್ಲಿ ಆಗುವುದಿಲ್ಲ ಅಂತ ಗೊತ್ತಾದ ಮೇಲೆ ಜನ ಮಾಡುವ ಎಡವಟ್ಟು ಇನ್ನೊಂದಿದೆ, ಅದನ್ನು ನಾನೇ ನೋಡಿದ್ದೇನೆ. ಹಾಸನ ಕಡೆಯ ಒಂದು ಸಂಸ್ಥೆ, ಹೆಸರು ಬೇಡ. ಲೆಕ್ಕದ ಕಂಪ್ಯೂಟರನ್ನು ಮನೆಯಿಂದ ತೆರೆಯಬೇಕು ಅಂತ ಯಾರೋ ರೂಟರಿನಲ್ಲಿ 3389 ಪೋರ್ಟ್ ತೆರೆದು, ದೂರದಿಂದಲೇ ಕಂಪ್ಯೂಟರಿನ ಪರದೆ ತೆರೆದು ಕೆಲಸ ಮಾಡಿಸುವ ವಿಂಡೋಸ್ ರಿಮೋಟ್ ಡೆಸ್ಕ್‌ಟಾಪನ್ನು ಸೀದಾ ಇಂಟರ್ನೆಟ್ಟಿಗೆ ಬಿಟ್ಟಿದ್ದರು. ಪಾಸ್‌ವರ್ಡ್ ಸಂಸ್ಥೆಯ ಹೆಸರು, ಅದರ ಮುಂದೆ 123. ಮಾರ್ಚ್ ಕೊನೆಯ ವಾರ ಬೆಳಿಗ್ಗೆ ಬಂದು ನೋಡಿದರೆ ಎಲ್ಲಾ ಫೈಲಿಗೂ ವಿಚಿತ್ರವಾದ ಬಾಲ, ಪರದೆಯ ಮೇಲೆ ದುಡ್ಡು ಕೇಳುವ ಚೀಟಿ. ಪೆನ್‌ಡ್ರೈವ್ ಬ್ಯಾಕಪ್ ಇತ್ತು, ಆದರೆ ಅದನ್ನು ಯಾವಾಗಲೂ ಕಂಪ್ಯೂಟರಿಗೇ ಚುಚ್ಚಿಟ್ಟಿದ್ದರು. ಅದರೊಳಗಿನದೂ ಹೋಯಿತು. ಕೊನೆಗೆ ಕಾಗದದ ವೋಚರುಗಳನ್ನು ಹರಡಿಕೊಂಡು ಮೂರು ಜನ ಕೂತು ಮತ್ತೆ ಎಂಟ್ರಿ ಮಾಡಿದರು. 3389 ತೆರೆದಿರುವ ವಿಳಾಸಗಳನ್ನು ಹುಡುಕುತ್ತಲೇ ಇರುವ ಪ್ರೋಗ್ರಾಮುಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. ನಿಮ್ಮದು ಸಣ್ಣ ಆಫೀಸು, ಯಾರು ಕೇಳುತ್ತಾರೆ ಅನ್ನುವ ಧೈರ್ಯ ಇಲ್ಲಿ ನಡೆಯುವುದಿಲ್ಲ. ಅವು ಹೆಸರು ನೋಡುವುದಿಲ್ಲ, ಬಾಗಿಲು ತಟ್ಟುತ್ತಾ ಹೋಗುತ್ತವೆ.

ನಿಮಗೆ ಬೇಕಾದದ್ದು ವಿಪಿಎನ್, ಅದರೊಳಗೆ ರಿಮೋಟ್ ಡೆಸ್ಕ್‌ಟಾಪ್. ಟ್ಯಾಲಿಯ ಡೇಟಾ ಫೋಲ್ಡರನ್ನೇ ದೂರದಿಂದ ಹಂಚಿಕೊಂಡು ತೆರೆಯಲು ಹೋಗಬೇಡಿ. ನಿಧಾನವಾಗುತ್ತದೆ, ನಡುವೆ ಲೈನ್ ಕಡಿದರೆ ಡೇಟಾ ಕೆಡುತ್ತದೆ. ಕಂಪ್ಯೂಟರಿನಲ್ಲಿ ವಿಂಡೋಸ್ ಪ್ರೊ ಇರಬೇಕು, ಹೋಮ್ ಆವೃತ್ತಿಗೆ ಹೊರಗಿನಿಂದ ರಿಮೋಟ್ ಡೆಸ್ಕ್‌ಟಾಪಿನಲ್ಲಿ ಬರಲಾಗದು. ಪ್ರೊನಲ್ಲಿ ಕೂಡ ಒಂದು ಸಲಕ್ಕೆ ಒಬ್ಬರೇ. ಗೋಡೌನಿನವರು ಒಳಗೆ ಬಂದರೆ ಆಫೀಸಿನಲ್ಲಿ ಕೂತವರ ಪರದೆ ಲಾಕ್ ಆಗುತ್ತದೆ, ಇದಕ್ಕೆ ಜಗಳ ಆಗಿದ್ದೂ ಉಂಟು. ಆಡಿಟರಿಗೆ ಬರೀ ರಿಪೋರ್ಟ್ ನೋಡಿದರೆ ಸಾಕಾದರೆ ಟ್ಯಾಲಿಯಲ್ಲೇ ಅದಕ್ಕೆ ಸೌಲಭ್ಯ ಇದೆ, ಟಿಎಸ್‌ಎಸ್ (ಟ್ಯಾಲಿಯವರ ಚಂದಾ) ಚಾಲ್ತಿಯಲ್ಲಿರಬೇಕು ಅಷ್ಟೇ. ಅಷ್ಟಕ್ಕಾಗಿ ವಿಪಿಎನ್ ಕೊಡಬೇಡಿ.

ಯಾವ ವಿಪಿಎನ್? ನಾನು ಕೆಲವು ವರ್ಷಗಳಿಂದ ವೈರ್‌ಗಾರ್ಡ್ ಬಿಟ್ಟು ಬೇರೆ ಹಾಕುತ್ತಿಲ್ಲ. 2001ರಿಂದ ಇರುವ ಓಪನ್‌ವಿಪಿಎನ್ ಕೂಡ ಗಟ್ಟಿಯೇ, ಆದರೆ ಹೊಂದಿಸುವುದು ತುಸು ಗೋಜಲು. ವೈರ್‌ಗಾರ್ಡ್ 2020ರ ಮಾರ್ಚ್‌ನಲ್ಲಿ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ಮಿನ 5.6ರ ಆವೃತ್ತಿಯೊಳಗೇ ಸೇರಿಕೊಂಡಿತು. ನಮ್ಮ ಮಲೆನಾಡಿಗೆ ಅದು ಹೊಂದುವುದಕ್ಕೆ ಒಂದು ಕಾರಣ ಇದೆ. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ಕಡಿಯುತ್ತದೆ, ರೂಟರು ಸಿಮ್‌ಗೆ ಬದಲಾಗುತ್ತದೆ, ಮತ್ತೆ ಫೈಬರ್ ಬರುತ್ತದೆ. ವಿಳಾಸ ಹೀಗೆ ಬದಲಾದರೂ ವೈರ್‌ಗಾರ್ಡ್ ಮತ್ತೆ ಲಾಗಿನ್ ಕೇಳುವುದಿಲ್ಲ, ತಾನೇ ಹೊಸ ದಾರಿಯಲ್ಲಿ ಮುಂದುವರಿಯುತ್ತದೆ.

ಇಲ್ಲಿ ಎರಡು ಕಡೆ ಎಲ್ಲರೂ ಎಡವುತ್ತಾರೆ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ.

ಮೊದಲನೆಯದು ಸಿಜಿ-ನ್ಯಾಟ್. ಹಳೆಯ ಬಗೆಯ ಐಪಿ ವಿಳಾಸಗಳು ಇಡೀ ಜಗತ್ತಿಗೆ ಸುಮಾರು 429 ಕೋಟಿ ಮಾತ್ರ, ಏಷ್ಯಾ ಪಾಲಿನದು 2011ರಲ್ಲೇ ಬಹುತೇಕ ಖಾಲಿ. ಹಾಗಾಗಿ ಇಂಟರ್ನೆಟ್ ಕೊಡುವವರು ಒಂದೇ ವಿಳಾಸವನ್ನು ನೂರಾರು ಗಿರಾಕಿಗಳಿಗೆ ಹಂಚುತ್ತಾರೆ. ಮೊಬೈಲ್ ಸಿಮ್ ಅಂತೂ ಹೀಗೇ, ಎಷ್ಟೋ ಫೈಬರ್ ಲೈನುಗಳೂ ಈಗ ಹೀಗೇ. ಲೈನ್ ಮನೆಯ ಹತ್ತು ಬಾಗಿಲಿಗೂ ತೋಟದ ಹೆಸರೊಂದೇ ಪೋಸ್ಟಲ್ ವಿಳಾಸ ಇದ್ದ ಹಾಗೆ. ಒಳಗಿನಿಂದ ಕಾಗದ ಕಳಿಸಬಹುದು, ಹೊರಗಿನಿಂದ ಬಂದ ಕಾಗದ ಯಾವ ಬಾಗಿಲಿಗೆ ಅಂತ ಪೋಸ್ಟ್‌ಮ್ಯಾನಿಗೆ ತಿಳಿಯದು. ಎರಡೂ ತುದಿ ಹೀಗಿದ್ದರೆ ಒಬ್ಬರನ್ನೊಬ್ಬರು ನೇರ ಕರೆಯಲು ಆಗುವುದು ಕಷ್ಟ. ಆಗ ಒಂದೋ ಆಫೀಸಿನ ಲೈನಿಗೆ ಸ್ಟ್ಯಾಟಿಕ್ ಐಪಿ (ಬದಲಾಗದ ಸ್ವಂತ ವಿಳಾಸ) ಕೇಳಿ ತಗೊಳ್ಳಬೇಕು, ಅದಕ್ಕೆ ಬೇರೆ ದುಡ್ಡು. ಇಲ್ಲವೇ ಮುಂಬೈಯಲ್ಲೋ ಬೆಂಗಳೂರಿನಲ್ಲೋ ತಿಂಗಳಿಗೆ ಕೆಲವು ನೂರು ರೂಪಾಯಿಯ ಸಣ್ಣ ಕ್ಲೌಡ್ ಸರ್ವರ್ ಹಿಡಿದು, ಆಫೀಸೂ ಗೋಡೌನೂ ಅಲ್ಲಿಗೆ ಬಂದು ಸೇರುವಂತೆ ಮಾಡಬೇಕು. ನಾನು ಎರಡನೆಯದನ್ನೇ ಹೆಚ್ಚು ಮಾಡುತ್ತೇನೆ. ಹಾಗೆ ಹೊಂದಿಸುವಾಗ ಎರಡೂ ತುದಿಯ ವೈರ್‌ಗಾರ್ಡ್‌ನಲ್ಲಿ ಕೀಪ್‌ಅಲೈವ್ ಅನ್ನುವ ಕಡೆ 25 ಅಂತ ಹಾಕಿಸಿ. 25 ಸೆಕೆಂಡಿಗೊಮ್ಮೆ ಒಂದು ಪುಟ್ಟ ಸದ್ದು ಮಾಡಿ ದಾರಿ ಮುಚ್ಚಿಹೋಗದ ಹಾಗೆ ನೋಡಿಕೊಳ್ಳುತ್ತದೆ. ಇದನ್ನು ಮರೆತರೆ ಹತ್ತು ನಿಮಿಷ ಸುಮ್ಮನಿದ್ದ ಮೇಲೆ ಗೋಡೌನು "ಕಾಣೆ" ಆಗುತ್ತದೆ.

ಎರಡನೆಯದು ಇನ್ನೂ ಸಣ್ಣದು, ಆದರೆ ಇದಕ್ಕಾಗಿ ನಾನು ಬೇಲೂರು ದಾರಿಯಲ್ಲಿ ಎಷ್ಟು ಸಲ ಬಸ್ಸು ಹತ್ತಿದ್ದೇನೋ ಲೆಕ್ಕವಿಲ್ಲ. ಆಫೀಸಿನ ರೂಟರೂ ಗೋಡೌನಿನ ರೂಟರೂ ಪೆಟ್ಟಿಗೆಯಿಂದ ತೆಗೆದಾಗಲೇ 192.168.1 ಅಂತ ಶುರುವಾಗುವ ವಿಳಾಸ ಹಂಚುತ್ತಿರುತ್ತವೆ. ವಿಪಿಎನ್ ಹಸಿರು ದೀಪ ತೋರಿಸುತ್ತದೆ, ಕನೆಕ್ಟೆಡ್ ಅನ್ನುತ್ತದೆ, ಟ್ಯಾಲಿ ಕಂಪ್ಯೂಟರು ಮಾತ್ರ ತೆರೆಯುವುದಿಲ್ಲ. ಯಾಕೆಂದರೆ ಗೋಡೌನಿನ ಕಂಪ್ಯೂಟರಿಗೆ 192.168.1.10 ಅಂದರೆ ತನ್ನ ಪಕ್ಕದ ಮನೆಯೇ, ಅದು ಗೇಟಿನ ಕಡೆ ಹೋಗುವುದೇ ಇಲ್ಲ, ಅಲ್ಲೇ ಕೂಗುತ್ತಾ ಕೂತಿರುತ್ತದೆ. ಒಂದು ಕಡೆಯ ರೂಟರಿನಲ್ಲಿ ಆ 1 ಅನ್ನು 20 ಮಾಡಿದರೆ ಮುಗಿಯಿತು. ಎರಡು ನಿಮಿಷದ ಕೆಲಸ. ಮೊದಲೇ ಮಾಡಿಸಿಕೊಳ್ಳಿ, ಸಿಸಿಟಿವಿ ರೆಕಾರ್ಡ್ ಮಾಡುವ ಡಿವಿಆರ್‌ಗೂ ಪ್ರಿಂಟರಿಗೂ ನಂಬರ್ ಕೊಟ್ಟಾದ ಮೇಲೆ ಬದಲಿಸುವುದು ತಲೆನೋವು.

ಅಂದ ಹಾಗೆ ಆ ಡಿವಿಆರ್ ಕೂಡ ಪೋರ್ಟ್ ತೆರೆದಿಟ್ಟು ಮೊಬೈಲಿನಲ್ಲಿ ನೋಡುವ ವ್ಯವಸ್ಥೆಯಲ್ಲಿದ್ದರೆ ಅದನ್ನೂ ಈ ರಸ್ತೆಯ ಒಳಕ್ಕೆ ತನ್ನಿ.

ಇನ್ನು ಎರಡನೆಯ ಕೆಲಸ, ರೇಟು ನೋಡುವುದು. ಇದು ಪ್ರಾಕ್ಸಿಯ ಅಖಾಡ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ವಿಮಾನ ಕಂಪನಿಗಳು, ಆನ್‌ಲೈನ್ ಅಂಗಡಿಗಳು ಎದುರಾಳಿಯ ಬೆಲೆ ನೋಡುವುದು ಹೀಗೇ. ಒಂದೇ ವಿಳಾಸದಿಂದ ಸಾವಿರ ಸಲ ಕೇಳಿದರೆ ಆ ಸೈಟು ಬಾಗಿಲು ಹಾಕುತ್ತದೆ, ಅದಕ್ಕೆ ಸಾವಿರ ವಿಳಾಸಗಳಿಂದ ಒಂದೊಂದು ಸಲ ಕೇಳುತ್ತಾರೆ. ಜಾಹೀರಾತು ಕೊಟ್ಟವರು ದುಬೈಯಲ್ಲಿ ನಿಜಕ್ಕೂ ಅದು ಕಾಣುತ್ತಿದೆಯಾ ಅಂತ ನೋಡಲು ಬಳಸುತ್ತಾರೆ. ನಿಮ್ಮ ಕಾಫಿ ಕಡೆಯಿಂದಲೂ ಒಂದು ಉಪಯೋಗ ಇದೆ. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲಿ ಜಿಐ (ಊರಿನ ಹೆಸರಿಗೆ ರಕ್ಷಣೆ ಕೊಡುವ ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಇಟಲಿಯಲ್ಲೋ ಜರ್ಮನಿಯಲ್ಲೋ ಆನ್‌ಲೈನ್ ಅಂಗಡಿಗಳು ಆ ಹೆಸರಿನಲ್ಲಿ ಏನನ್ನು ಮಾರುತ್ತಿವೆ ಅಂತ ಅಲ್ಲಿನ ಗಿರಾಕಿಯ ಕಣ್ಣಿನಲ್ಲೇ ನೋಡಬೇಕಾದ ರಫ್ತುದಾರನಿಗೆ ಆಯಾ ದೇಶದ ಪ್ರಾಕ್ಸಿ ಕೆಲಸಕ್ಕೆ ಬರುತ್ತದೆ. ಇಲ್ಲಿಂದ ತೆರೆದರೆ ಆ ಅಂಗಡಿ ಬೇರೆ ಪುಟವನ್ನೇ ತೋರಿಸಬಹುದು.

ಪ್ರಾಕ್ಸಿಗಳಲ್ಲಿ ಜಾತಿ ಹಲವು. ಡೇಟಾಸೆಂಟರ್ ಪ್ರಾಕ್ಸಿ ಅಗ್ಗ, ವೇಗ, ಸಾಮಾನ್ಯವಾಗಿ ವಿಳಾಸಕ್ಕೆ ಇಷ್ಟು ಅಂತ ಬಾಡಿಗೆ. ಆದರೆ ಆ ವಿಳಾಸ ಯಾವುದೋ ಸರ್ವರ್ ಕಂಪನಿಗೆ ಸೇರಿದ್ದು ಅಂತ ಎದುರಿನ ಸೈಟಿಗೆ ಸುಲಭವಾಗಿ ಗೊತ್ತಾಗುತ್ತದೆ. ರೆಸಿಡೆನ್ಷಿಯಲ್ ಅಂದರೆ ನಿಜವಾದ ಮನೆಗಳ ಬ್ರಾಡ್‌ಬ್ಯಾಂಡ್ ವಿಳಾಸ, ಮೊಬೈಲ್ ಅಂದರೆ ನಿಜವಾದ ಸಿಮ್‌ಗಳ ವಿಳಾಸ. ಇವು ದುಬಾರಿ, ಜಿಬಿ ಲೆಕ್ಕ. ನಿಮಗೆ ತೋರಿಸಿದ್ದು ಇದನ್ನು.

ಲೆಕ್ಕ ಹಾಕಿ ನೋಡೋಣ. ಸುತ್ತಲಿನ 15 ಹೋಂಸ್ಟೇ, ನಾಲ್ಕು ಬುಕಿಂಗ್ ಸೈಟು, ದಿನಕ್ಕೊಂದು ಸಲ. 60 ಪುಟ. ಫೋಟೋ ಸಮೇತ ಪುಟಕ್ಕೆ 3 ಎಂಬಿ ಅಂತ ಹಿಡಿದರೆ ದಿನಕ್ಕೆ 180 ಎಂಬಿ, ತಿಂಗಳಿಗೆ ಐದೂವರೆ ಜಿಬಿ ಹತ್ತಿರ. ಇಷ್ಟಕ್ಕೆ ಡಾಲರ್ ಲೆಕ್ಕದ ಪ್ಲಾನು, ಪುಟಗಳನ್ನು ತಾನಾಗಿ ತೆರೆದು ರೇಟು ತೆಗೆಯುವ ಸ್ಕ್ರಿಪ್ಟು (ಪುಟ್ಟ ಪ್ರೋಗ್ರಾಮು), ಸೈಟಿನವರು ಪುಟ ಬದಲಿಸಿದಾಗಲೆಲ್ಲ ಸ್ಕ್ರಿಪ್ಟ್ ರಿಪೇರಿ ಮಾಡುವ ಹುಡುಗ. 60 ಪುಟವನ್ನು ನಿಮ್ಮ ಹೋಂಸ್ಟೇ ಮ್ಯಾನೇಜರು ಬೆಳಗಿನ ಕಾಫಿ ಕುಡಿಯುತ್ತಾ ಕಣ್ಣಾಡಿಸಬಹುದು. ದಿನಕ್ಕೆ 60 ಸಲ ನೋಡಿದ್ದಕ್ಕೆ ಯಾವ ಸೈಟೂ ನಿಮ್ಮನ್ನು ತಡೆಯುವುದಿಲ್ಲ.

ಇನ್ನೊಂದು ಸಂಗತಿ ನಿಮಗೆ ಹೆಚ್ಚು ಉಪಯೋಗ ಆಗಬಹುದು. ಬುಕಿಂಗ್ ಸೈಟುಗಳು ಮೊಬೈಲಿನಲ್ಲಿ ನೋಡುವವರಿಗೆ ಬೇರೆ ರೇಟು, ಇಂಥ ದೇಶದವರಿಗೆ ಬೇರೆ ರೇಟು ಇಡುವ ಅವಕಾಶವನ್ನು ಹೋಂಸ್ಟೇ ಮಾಲೀಕರಿಗೇ ಕೊಟ್ಟಿರುತ್ತವೆ. ನೀವು ಆಫೀಸಿನ ಕಂಪ್ಯೂಟರಿನಲ್ಲಿ, ಅದೂ ನಿಮ್ಮ ಖಾತೆಗೆ ಲಾಗಿನ್ ಆಗಿ ನೋಡುವ ರೇಟು ಬೆಂಗಳೂರಿನ ಗಿರಾಕಿ ನೋಡುವ ರೇಟಲ್ಲ. ಹಾಗಾದರೆ ಏನು ಮಾಡಬೇಕು? ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ, ಲಾಗಿನ್ ಇಲ್ಲದೆ, ಇನ್‌ಕಾಗ್ನಿಟೋದಲ್ಲಿ ನೋಡಿ. ಮುಳ್ಳಯ್ಯನಗಿರಿಯ ಬುಡದಲ್ಲಿ ನಿಂತು ನೋಡಿದರೂ ನಿಮ್ಮ ಸಿಮ್‌ನ ವಿಳಾಸವನ್ನು ಸೈಟುಗಳು ಬಹಳ ಸಲ ಬೆಂಗಳೂರು ಅಂತಲೇ ಓದುತ್ತವೆ, ಯಾಕೆಂದರೆ ಮೊಬೈಲ್ ಕಂಪನಿಯ ಸಂಚಾರ ಅಲ್ಲಿಂದ ಹೊರಬೀಳುತ್ತದೆ. ನಿಮ್ಮ ಮುಖ್ಯ ಗಿರಾಕಿ ಬೆಂಗಳೂರಿನವನೇ ತಾನೆ? ಅವನ ಕಣ್ಣು ಪುಕ್ಕಟೆಯಾಗಿ ಸಿಕ್ಕಿತು. ಗೂಗಲ್ ಜಾಹೀರಾತು ಬೇರೆ ಊರಿನಲ್ಲಿ ಹೇಗೆ ಕಾಣುತ್ತದೆ ಅಂತ ನೋಡಲೂ ಗೂಗಲ್ ಆಡ್ಸ್ ಖಾತೆಯಲ್ಲೇ ಪ್ರಿವ್ಯೂ ಇದೆ, ಅದಕ್ಕೂ ಪ್ರಾಕ್ಸಿ ಬೇಡ. ಮುಂದೆ ಹೋಂಸ್ಟೇ ಮೂರು ಹೋಗಿ ಮೂವತ್ತಾದರೆ, ರೇಟು ನೋಡಿಕೊಡುವ ಸೇವೆಯನ್ನೇ ಮಾರುವವರಿದ್ದಾರೆ. ಪ್ರಾಕ್ಸಿಯ ರಗಳೆ ಅವರಿಗಿರಲಿ.

ಈಗ ಆ ಫ್ರೀ ವಿಪಿಎನ್ ವಿಷಯ. ಮನೆಗಳ ವಿಳಾಸ ಬಾಡಿಗೆಗೆ ಕೊಡುತ್ತೇವೆ ಅನ್ನುತ್ತಾರಲ್ಲ, ಯಾರ ಮನೆಗಳವು? ಕೆಲವರು ದುಡ್ಡು ಪಡೆದು ಒಪ್ಪಿಗೆ ಕೊಟ್ಟಿರುತ್ತಾರೆ. ಬಹಳಷ್ಟು ಜನ ಯಾವುದೋ ಫ್ರೀ ಆಪ್ ಹಾಕಿಕೊಳ್ಳುವಾಗ ಓದದೆ ಒತ್ತಿದ "ಐ ಅಗ್ರೀ"ಯಲ್ಲಿ ಕೊಟ್ಟಿರುತ್ತಾರೆ. ಇನ್ನು ಕೆಲವರು ಕೊಟ್ಟೇ ಇರುವುದಿಲ್ಲ. ಹೋಲಾ ಅನ್ನುವ ಫ್ರೀ ವಿಪಿಎನ್ ತನ್ನ ಬಳಕೆದಾರರ ಲೈನನ್ನೇ ಲುಮಿನಾಟಿ ಅನ್ನುವ ಹೆಸರಿನಲ್ಲಿ ಮಾರುತ್ತಿದ್ದುದು 2015ರಲ್ಲಿ ದೊಡ್ಡ ಸುದ್ದಿಯಾಯಿತು. ಅದಕ್ಕಿಂತ ಘೋರವಾದದ್ದು 911 ಎಸ್5. ಮಾಸ್ಕ್‌ವಿಪಿಎನ್, ಡ್ಯೂವಿಪಿಎನ್ ಮುಂತಾದ ಪುಕ್ಕಟೆ ವಿಪಿಎನ್‌ಗಳ ಹೊಟ್ಟೆಯಲ್ಲಿ ಮಾಲ್‌ವೇರ್ ಇಟ್ಟು, ಹಾಕಿಕೊಂಡವರ ಕಂಪ್ಯೂಟರನ್ನು ಪ್ರಾಕ್ಸಿ ಮಾಡಿ, ಆ ವಿಳಾಸಗಳನ್ನು ಮೋಸಗಾರರಿಗೆ ಮಾರುತ್ತಿದ್ದ ಜಾಲ ಅದು. 2024ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆ ಅದನ್ನು ಮುರಿದಾಗ ಲೆಕ್ಕಕ್ಕೆ ಸಿಕ್ಕಿದ್ದು ಸುಮಾರು 200 ದೇಶಗಳ 1 ಕೋಟಿ 90 ಲಕ್ಷಕ್ಕೂ ಹೆಚ್ಚು ಐಪಿ ವಿಳಾಸ.

ಅಂದರೆ ಬೆಂಗಳೂರಿನವರು ಮಾರುತ್ತಿರುವ ಸರಕು, ನಿಮ್ಮ ಅಕ್ಕನ ಮಗ ಪುಕ್ಕಟೆಯಾಗಿ ಹಾಕಿಸಿರುವ ಆಪು, ಎರಡೂ ಒಂದೇ ವ್ಯಾಪಾರದ ಎರಡು ತುದಿ ಆಗಿರಬಹುದು. ನೀವು ರೈಟರನ್ನು ಬಾಡಿಗೆಗೆ ಪಡೆಯುವವರೂ ಹೌದು, ನಿಮಗೇ ತಿಳಿಯದೆ ಯಾರದೋ ರೈಟರಾಗಿ ಊರೂರು ತಿರುಗುವವರೂ ಹೌದು. ನಿಮ್ಮ ಆಫೀಸಿನ ವಿಳಾಸದಿಂದ ಯಾರೋ ಎಲ್ಲೋ ಬ್ಯಾಂಕ್ ಖಾತೆ ಒಡೆಯಲು ಹೋದರೆ ಪೊಲೀಸರ ಪತ್ರ ಬರುವುದು ಚಿಕ್ಕಮಗಳೂರಿಗೆ. ಹುಡುಗನನ್ನು ಬೈಯಬೇಡಿ, ಆಪಿನ ಹೆಸರನ್ನೊಮ್ಮೆ ಕೇಳಿ ಬರೆದಿಟ್ಟುಕೊಳ್ಳಿ. ತೆಗೆಸಿದ ಮೇಲೆ ಆ ಕಂಪ್ಯೂಟರನ್ನು ಆಂಟಿವೈರಸ್‌ನಲ್ಲಿ ಪೂರ್ತಿ ಸ್ಕ್ಯಾನ್ ಮಾಡಿಸಿ, ಟ್ಯಾಲಿಯ ಬ್ಯಾಕಪ್ ತೆಗೆದು ಪೆನ್‌ಡ್ರೈವನ್ನು ಕಂಪ್ಯೂಟರಿನಿಂದ ಕಿತ್ತಿಡಿ.

ಕಾನೂನು ಕೇಳಿದ್ದೀರಿ. ವಿಪಿಎನ್ ಬಳಸುವುದು ನಮ್ಮ ದೇಶದಲ್ಲಿ ಅಪರಾಧವಲ್ಲ. 2022ರ ಏಪ್ರಿಲ್ 28ರಂದು ಸರ್ಟ್-ಇನ್ (ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಹೊರಡಿಸಿದ ಆದೇಶದ ಪ್ರಕಾರ ಸಾರ್ವಜನಿಕರಿಗೆ ವಿಪಿಎನ್ ಸೇವೆ ಮಾರುವವರು ಗಿರಾಕಿಗಳ ಹೆಸರು, ವಿಳಾಸ ಇತ್ಯಾದಿಯನ್ನು 5 ವರ್ಷ ಇಟ್ಟುಕೊಳ್ಳಬೇಕು. ಅದಕ್ಕೆ ಒಪ್ಪದ ಕೆಲವು ದೊಡ್ಡ ಕಂಪನಿಗಳು ಭಾರತದಿಂದ ಸರ್ವರುಗಳನ್ನೇ ತೆಗೆದುಕೊಂಡು ಹೋದವು. ನಿಮ್ಮ ಆಫೀಸು-ಗೋಡೌನಿನ ಖಾಸಗಿ ವಿಪಿಎನ್‌ಗೆ ಆ ನಿಯಮ ಇಲ್ಲ ಅಂತ ಸರ್ಟ್-ಇನ್ ಸ್ಪಷ್ಟನೆಯನ್ನೂ ಕೊಟ್ಟಿದೆ. ಆದರೆ ಅದೇ ಆದೇಶದಲ್ಲಿ ಇನ್ನೊಂದು ಮಾತಿದೆ, ವ್ಯಾಪಾರಸ್ಥರು ಬಹಳ ಜನ ಕೇಳಿರುವುದಿಲ್ಲ: ಆಗಲೇ ಹೇಳಿದಂಥ ದಾಳಿ ಆಯಿತು ಅಂತ ಗೊತ್ತಾದ 6 ಗಂಟೆಯೊಳಗೆ ಸಂಸ್ಥೆಗಳು ಅವರಿಗೆ ವರದಿ ಮಾಡಬೇಕು. ಆ ಹಾಸನದವರಿಗೂ ಇದು ಗೊತ್ತಿರಲಿಲ್ಲ.

ಪ್ರಾಕ್ಸಿ ಹಿಡಿದು ಎಲ್ಲರಿಗೂ ಕಾಣುವ ರೇಟು ನೋಡುವುದು ಒಂದು ಬಗೆ. ಅಲ್ಲೂ ಸೈಟಿನ ಷರತ್ತುಗಳಲ್ಲಿ ಯಂತ್ರದಿಂದ ಪುಟ ತೆಗೆಯಬಾರದು ಅಂತ ಬರೆದಿದ್ದರೆ, ಅವರು ನಿಮ್ಮ ಲಿಸ್ಟಿಂಗನ್ನೇ ಕಿತ್ತುಹಾಕಬಹುದು. ನಿಮ್ಮ ಅನ್ನ ಇರುವುದು ಅದೇ ಸೈಟಿನಲ್ಲಿ, ನೆನಪಿರಲಿ. ಅತಿಥಿಗಳ ಹೆಸರು, ಫೋನ್ ನಂಬರ್ ಬಾಚಿಕೊಳ್ಳಲು ಹೋದರೆ 2023ರ ಡೇಟಾ ಸಂರಕ್ಷಣಾ ಕಾಯ್ದೆಯ ಗಡಿಗೆ ಬರುತ್ತೀರಿ. ಇನ್ನು ಬೇರೆ ಬೇರೆ ವಿಳಾಸದಿಂದ ನಕಲಿ ಖಾತೆ ತೆರೆದು ಐದು ನಕ್ಷತ್ರದ ವಿಮರ್ಶೆ ಬರೆಸುವ ಐಡಿಯಾ ಆ ಬೆಂಗಳೂರಿನವರು ಕೊಟ್ಟಿದ್ದರೆ ಅಥವಾ ಕೊಡಲಿದ್ದರೆ, ಬೇಡ. ಆನ್‌ಲೈನ್ ವಿಮರ್ಶೆಗಳಿಗೆ 2022ರಿಂದ ಐಎಸ್ 19000 ಅನ್ನುವ ಭಾರತೀಯ ಮಾನಕವೇ ಇದೆ. ಮಾನಕ ಇರಲಿ ಬಿಡಲಿ, ಪಕ್ಕದ ಹೋಂಸ್ಟೇಯವರಿಗೆ ಗೊತ್ತಾಗದೆ ಇರುತ್ತದೆಯೇ ನಮ್ಮೂರಲ್ಲಿ?

ಬೆಂಗಳೂರಿನವರು ಮತ್ತೆ ಬಂದರೆ ಒಂದೇ ಪ್ರಶ್ನೆ ಕೇಳಿ ನೋಡಿ: "ಈ ಮನೆಗಳವರು ಒಪ್ಪಿದ್ದಾರೆ ಅನ್ನುವುದಕ್ಕೆ ಏನು ತೋರಿಸ್ತೀರಿ?"

ನನ್ನನ್ನೋ ನಿಮ್ಮೂರಿನ ಬೇರೆ ಯಾರನ್ನಾದರೋ ಕೆಲಸಕ್ಕೆ ಕರೆಯುವ ಮುಂಚೆ ನೀವೇ ಮಾಡಬಹುದಾದ್ದು ಒಂದಿದೆ. ಆಫೀಸಿನ ರೂಟರಿನ ಪುಟ ತೆರೆದು ವ್ಯಾನ್ (WAN) ಐಪಿ ಅಂತ ಇರುವ, ಹೊರಗಿನ ಲೈನಿನ ನಂಬರನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಅದು 100.64ರಿಂದ 100.127ರ ನಡುವೆ ಶುರುವಾದರೆ, ಅಥವಾ ಐಪಿ ತೋರಿಸುವ ಸೈಟಿನಲ್ಲಿ ಕಾಣುವ ನಂಬರಿಗೂ ಇದಕ್ಕೂ ತಾಳೆ ಆಗದಿದ್ದರೆ, ನಿಮ್ಮದು ಬಹುಶಃ ಸಿಜಿ-ನ್ಯಾಟ್ ಲೈನು; ಗೋಡೌನಿನದೂ ಹಾಗೇ ಇದ್ದರೆ ಸ್ಟ್ಯಾಟಿಕ್ ಐಪಿ, ಇಲ್ಲವೇ ಕ್ಲೌಡ್ ಸರ್ವರ್ ದಾರಿಯೇ ಗತಿ. ಗೋಡೌನಿನದನ್ನೂ ಹೀಗೇ ಬರೆಸಿ, ಜೊತೆಗೆ ಎರಡೂ ರೂಟರಿನ ಒಳಗಿನ ನಂಬರು 192.168 ಆದ ಮೇಲೆ ಎಷ್ಟು ಅಂತ ಬರೆಸಿ. ಆ ಚೀಟಿ ಕೈಯಲ್ಲಿದ್ದರೆ ಬಂದವರ ಅರ್ಧ ದಿನ ಉಳಿಯುತ್ತದೆ, ಅರ್ಧ ದಿನದ ಕೂಲಿಯೂ.